ಬೆನ್ನ ಮೇಲಿನ 21: ಪಿಟ್ಸ್‌ಬರ್ಗ್ ಪೈರೇಟ್ಸ್ ಮತ್ತು ರೊಬೆರ್ಟೊ ಕ್ಲೆಮೆಂಟೆ

ಪ್ರಶ್ನೆ: ಮಗಳ ಮನೆ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದೆ. ಹೋದ ಬೇಸಿಗೆಯಲ್ಲಿ ಅಲ್ಲಿದ್ದಾಗ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿಬಂದೆವು. ಅದೇ ದಿನ ಸಂಜೆ ಅಳಿಯ ನಮ್ಮನ್ನು ಬೇಸ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋದರು. ಮೈದಾನಕ್ಕೆ ದಾಟುವ ಸೇತುವೆಗೆ ರೊಬೆರ್ಟೊ ಕ್ಲೆಮೆಂಟೆ ಅಂತ ಹೆಸರು. ಮೈದಾನದ ಹೊರಗೆ ಅವರದೇ ಪ್ರತಿಮೆ. ಎಷ್ಟೋ ಜನರ ಅಂಗಿಯ ಬೆನ್ನ ಮೇಲೆ 21 ಅನ್ನೋ ಅಂಕಿ. ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರಂತೆ. ನಿಜಕ್ಕೂ ಅಷ್ಟು ದೊಡ್ಡ ಆಟಗಾರರಾ, ಇಲ್ಲ ಆ ಸಾವಿನಿಂದ ದೊಡ್ಡವರಾದರಾ? ಈ ತಂಡದ ಕತೆ ಕೇಳಿದರೆ ಅಳಿಯ "ಸೋಲೋ ತಂಡ ಅತ್ತೆ" ಅಂತ ನಕ್ಕುಬಿಡುತ್ತಾರೆ. ಸ್ವಲ್ಪ ವಿವರವಾಗಿ ಹೇಳ್ತೀರಾ? (ಹಾಸನದ ಓದುಗರೊಬ್ಬರು)

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಕಂಡ 21 ಕ್ಲೆಮೆಂಟೆ ಬೆನ್ನ ಮೇಲಿದ್ದ ಅಂಕಿ. ಕ್ಲೆಮೆಂಟೆ ಆ ವಿಮಾನ ಹತ್ತದೇ ಇದ್ದಿದ್ದರೂ ಅತಿ ಶ್ರೇಷ್ಠ ಆಟಗಾರರಿಗೆ ಮೀಸಲಾದ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರುತ್ತಿದ್ದರು. ಅದರಲ್ಲಿ ಅನುಮಾನವೇ ಬೇಡ. ಅವರು ಸತ್ತ ರೀತಿ ಎಷ್ಟು ದೊಡ್ಡದು ಅಂದರೆ, ಅದರ ನೆರಳಿನಲ್ಲಿ ಅವರ ಆಟವೇ ಮರೆಯಾಗುತ್ತಿದೆ. ಅದಕ್ಕೇ ನಿಮ್ಮ ಪ್ರಶ್ನೆ ನನಗೆ ಇಷ್ಟವಾಯಿತು. ಆಟದಿಂದಲೇ ಶುರು ಮಾಡೋಣ. ಆದರೆ ತಂಡದ ಹಳೆಯ ಕತೆ ಗೊತ್ತಿಲ್ಲದಿದ್ದರೆ ಕ್ಲೆಮೆಂಟೆ ಎಲ್ಲಿಗೆ ಬಂದರು, ಏನನ್ನು ಬದಲಾಯಿಸಿದರು ಅನ್ನೋದು ತಿಳಿಯುವುದಿಲ್ಲ.

ನಿಮ್ಮ ಅಳಿಯ ನಕ್ಕಿದ್ದು ಸುಮ್ನೆ ಅಲ್ಲ. 1993ರಿಂದ 2012ರವರೆಗೆ ಪೈರೇಟ್ಸ್ ತಂಡ ಸತತ 20 ಸೀಸನ್ ಗೆಲುವಿಗಿಂತ ಸೋಲನ್ನೇ ಜಾಸ್ತಿ ಕಂಡಿತು. ಅಷ್ಟು ಉದ್ದದ ಸೋಲಿನ ಸಾಲು ಅಮೆರಿಕದ ಯಾವ ದೊಡ್ಡ ವೃತ್ತಿಪರ ತಂಡಕ್ಕೂ ಅದಕ್ಕೆ ಮೊದಲು ಬಂದಿರಲಿಲ್ಲ. ಒಂದಿಡೀ ತಲೆಮಾರು ಸೋಲನ್ನೇ ನೋಡುತ್ತಾ ಬೆಳೆಯಿತು. ಆದರೆ ಇದೇ ತಂಡ ಐದು ಸಲ ವರ್ಲ್ಡ್ ಸೀರೀಸ್ ಗೆದ್ದಿದೆ: 1909, 1925, 1960, 1971, 1979. ವರ್ಲ್ಡ್ ಸೀರೀಸ್ ಅಂದರೆ ನ್ಯಾಷನಲ್ ಲೀಗ್ ಮತ್ತು ಅಮೆರಿಕನ್ ಲೀಗ್‌ನ ಚಾಂಪಿಯನ್‌ಗಳ ನಡುವೆ ಸೀಸನ್ನಿನ ಕೊನೆಗೆ ನಡೆಯುವ ಸರಣಿ. ಏಳು ಪಂದ್ಯಗಳಲ್ಲಿ ಮೊದಲು ನಾಲ್ಕು ಗೆದ್ದವರಿಗೆ ಪಟ್ಟ.

ತಂಡ ಹುಟ್ಟಿದ್ದು 1880ರ ದಶಕದ ಶುರುವಿನಲ್ಲಿ, ಅಲಿಗೆನಿ ಎಂಬ ಹೆಸರಿನಲ್ಲಿ. ನೀವು ದಾಟಿದ ನದಿಯ ಹೆಸರೂ ಅದೇ. 1887ರಲ್ಲಿ ನ್ಯಾಷನಲ್ ಲೀಗ್ ಸೇರಿತು. 1890ರಲ್ಲಿ ಆಟಗಾರರೇ ಸೇರಿ ಬೇರೆ ಲೀಗ್ ಕಟ್ಟಿದಾಗ ಒಳ್ಳೆಯವರೆಲ್ಲ ಬಿಟ್ಟುಹೋದರು. ಆ ವರ್ಷ ಗೆದ್ದದ್ದು 23, ಸೋತದ್ದು 113. ಮಾರನೇ ವರ್ಷ ಪಿಟ್ಸ್‌ಬರ್ಗ್‌ನವರು ಲೂ ಬಿಯರ್‌ಬಾವರ್ ಎಂಬ ಆಟಗಾರನ ಜೊತೆ ಒಪ್ಪಂದ ಮಾಡಿಕೊಂಡರು. ಅವನು ಹಿಂದೆ ಫಿಲಡೆಲ್ಫಿಯಾದ ತಂಡದಲ್ಲಿದ್ದವನು. ಆ ತಂಡ ಅವನನ್ನು ಉಳಿಸಿಕೊಳ್ಳುವ ಕಾಗದಪತ್ರ ಸರಿಯಾಗಿ ಮಾಡಿರಲಿಲ್ಲ. ತಪ್ಪು ಅವರದೇ, ಆದರೂ "ಇದು ಕಡಲ್ಗಳ್ಳರ ಕೆಲಸ" ಅಂತ ಗಲಾಟೆ ಎಬ್ಬಿಸಿದರು. ಪಿಟ್ಸ್‌ಬರ್ಗ್‌ನವರು ಬೇಜಾರು ಮಾಡಿಕೊಳ್ಳದೆ ಆ ಬೈಗುಳವನ್ನೇ ಹೆಸರಾಗಿ ಇಟ್ಟುಕೊಂಡರು. ಅದೇ ಪೈರೇಟ್ಸ್.

ನಿಜವಾದ ಏಳಿಗೆ ಶುರುವಾದದ್ದು 1900ರಲ್ಲಿ. ಲೂಯಿವಿಲ್ ಎಂಬ ಊರಿನ ತಂಡ ಮುಚ್ಚುವ ಹೊತ್ತಿಗೆ ಅದರ ಮಾಲೀಕ ಬಾರ್ನಿ ಡ್ರೈಫಸ್ ಪಿಟ್ಸ್‌ಬರ್ಗ್ ತಂಡದಲ್ಲಿ ಪಾಲು ಪಡೆದು, ತನ್ನ ಒಳ್ಳೆಯ ಆಟಗಾರರನ್ನೆಲ್ಲ ಇಲ್ಲಿಗೆ ಕರೆತಂದರು. ಅವರಲ್ಲೊಬ್ಬರು ಹೋನಸ್ ವ್ಯಾಗ್ನರ್. ಪಿಟ್ಸ್‌ಬರ್ಗ್ ಪಕ್ಕದಲ್ಲೇ ಹುಟ್ಟಿದವರು, ಜರ್ಮನಿಯಿಂದ ವಲಸೆ ಬಂದ ಮನೆತನ, ಹುಡುಗನಾಗಿದ್ದಾಗಲೇ ಕಲ್ಲಿದ್ದಲ ಗಣಿಯಲ್ಲಿ ದುಡಿದವರು. ಕಾಲು ಬಿಲ್ಲಿನ ಹಾಗೆ ಬಾಗಿತ್ತು, ಕೈ ತುಂಬಾ ಉದ್ದ. ನೋಡಿದರೆ ಆಟಗಾರ ಅಂತ ಯಾರೂ ಹೇಳುತ್ತಿರಲಿಲ್ಲ. ಆದರೆ ಎಂಟು ಸಲ ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಪಟ್ಟ ಗೆದ್ದರು, 3,400ಕ್ಕೂ ಹೆಚ್ಚು ಹಿಟ್ ಹೊಡೆದರು. ಹಿಟ್ ಅಂದರೆ ಚೆಂಡನ್ನು ಹೊಡೆದು, ಎದುರಾಳಿಯ ತಪ್ಪಿನ ನೆರವಿಲ್ಲದೆ, ಕಡೇಪಕ್ಷ ಮೊದಲ ಬೇಸ್‌ನ್ನಾದರೂ ಕ್ಷೇಮವಾಗಿ ಮುಟ್ಟುವುದು. ಬೇಸ್ ಅಂದರೆ ಬ್ಯಾಟರ್ ಓಡಿ ಮುಟ್ಟಬೇಕಾದ ನಿಲುಗಡೆ; ಎಲ್ಲ ಬೇಸ್ ಸುತ್ತಿ ಹೊರಟ ಜಾಗಕ್ಕೆ ಮರಳಿದರೆ ಒಂದು ರನ್.

1901, 1902, 1903, ಮೂರು ವರ್ಷವೂ ಪೈರೇಟ್ಸ್ ಲೀಗ್ ಗೆದ್ದಿತು. 1903ರಲ್ಲಿ ನಡೆದದ್ದೇ ಮೊದಲ ವರ್ಲ್ಡ್ ಸೀರೀಸ್. ಆಗ ಒಂಬತ್ತು ಪಂದ್ಯಗಳ ಸರಣಿ. ಬಾಸ್ಟನ್ ಎದುರು ಪೈರೇಟ್ಸ್ 3-1ರಿಂದ ಮುಂದಿದ್ದು ಕೊನೆಗೆ 5-3ರಲ್ಲಿ ಸೋತಿತು. ಡ್ರೈಫಸ್ ಟಿಕೆಟ್ ಹಣದ ತಮ್ಮ ಪಾಲನ್ನೂ ಆಟಗಾರರಿಗೇ ಹಂಚಿಬಿಟ್ಟರು. ಹಾಗಾಗಿ ಸೋತವರ ಕೈಗೆ ಗೆದ್ದವರಿಗಿಂತ ಜಾಸ್ತಿ ದುಡ್ಡು ಸಿಕ್ಕಿತು! 1909ರಲ್ಲಿ ಫೋರ್ಬ್ಸ್ ಫೀಲ್ಡ್ ಎಂಬ ಹೊಸ ಮೈದಾನ ತೆರೆಯಿತು. ಅದೇ ವರ್ಷ ಡೆಟ್ರಾಯ್ಟ್ ಟೈಗರ್ಸ್ ಎದುರು ಮೊದಲ ಪಟ್ಟ. ಟೈಗರ್ಸ್‌ನಲ್ಲಿ ಆ ಕಾಲದ ಭಯಂಕರ ಬ್ಯಾಟರ್ ಟೈ ಕಾಬ್ ಇದ್ದರು. ಆ ಸರಣಿಯಲ್ಲಿ ಕಾಬ್ ಸರಾಸರಿ .231, ವ್ಯಾಗ್ನರ್ ಸರಾಸರಿ .333. ವ್ಯಾಗ್ನರ್‌ಗೆ ಆಗಲೇ 35 ವರ್ಷ.

ಈ ಸರಾಸರಿ ಹೇಗೆ ಓದಬೇಕು ಅಂತ ಹೇಳಿಬಿಡುತ್ತೇನೆ. .333 ಅಂದರೆ ಲೆಕ್ಕಕ್ಕೆ ಬರುವ ಸಾವಿರ ಬ್ಯಾಟಿಂಗ್ ಅವಕಾಶಗಳಲ್ಲಿ 333ರಲ್ಲಿ ಹಿಟ್. ಅಂದರೆ ಮೂರಕ್ಕೆ ಒಂದು. ಸೀಸನ್ನಿನಲ್ಲಿ ಅತಿ ಹೆಚ್ಚು ಸರಾಸರಿ ಇದ್ದವರಿಗೆ ಬ್ಯಾಟಿಂಗ್ ಪಟ್ಟ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದೇನು ಮಹಾ ಅನ್ನಿಸಬಹುದು. ಆದರೆ ವರ್ಷಾನುವರ್ಷ .300 ದಾಟುವವರು ಬೇಸ್‌ಬಾಲ್‌ನಲ್ಲಿ ಕೈಬೆರಳೆಣಿಕೆಯಷ್ಟು ಮಂದಿ.

ಈಗ ಒಂದು ಕಷ್ಟದ ವಿಷಯ. ಬರೀ ಅಂಕಿಅಂಶ ಹಿಡಿದು ನೋಡಿದರೆ ಪೈರೇಟ್ಸ್‌ನ ಶ್ರೇಷ್ಠ ಆಟಗಾರ ಕ್ಲೆಮೆಂಟೆ ಅಲ್ಲ, ವ್ಯಾಗ್ನರ್. 1936ರಲ್ಲಿ ಹಾಲ್ ಆಫ್ ಫೇಮ್‌ಗೆ ಮೊದಲು ಆರಿಸಿದ ಐವರಲ್ಲಿ ಅವರೂ ಒಬ್ಬರು. ಅವರ ಚಿತ್ರವಿದ್ದ, ಸಿಗರೇಟ್ ಪ್ಯಾಕಿನ ಜೊತೆ ಬರುತ್ತಿದ್ದ ಪುಟ್ಟ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಆದರೂ ನನ್ನ ಮತ ಕ್ಲೆಮೆಂಟೆಗೇ. ಯಾಕೆ ಅಂದರೆ, ವ್ಯಾಗ್ನರ್ ಆಡಿದ ಲೀಗ್‌ನಲ್ಲಿ ಕರಿಯರಿಗೆ ಜಾಗವೇ ಇರಲಿಲ್ಲ. ಇದು ವ್ಯಾಗ್ನರ್ ತಪ್ಪಲ್ಲ. ಆದರೆ ಅರ್ಧ ಬಾಗಿಲು ಮುಚ್ಚಿದ ಲೀಗಿನ ಅಂಕಿಗಳನ್ನು ಹಾಗೇ ಒಪ್ಪಿಕೊಳ್ಳುವುದು ಹೇಗೆ?

ಪಿಟ್ಸ್‌ಬರ್ಗ್‌ನಲ್ಲಿ ಈ ಪ್ರಶ್ನೆ ಇನ್ನೂ ಚುಚ್ಚುತ್ತದೆ. 1930ರ ದಶಕದಲ್ಲಿ ಅದೇ ಊರಿನಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಕರಿಯರ ಎರಡು ಅದ್ಭುತ ತಂಡಗಳಿದ್ದವು: ಹೋಮ್‌ಸ್ಟೆಡ್ ಗ್ರೇಸ್ ಮತ್ತು ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್. ಎರಡರಲ್ಲೂ ಆಡಿದವರು ಜಾಶ್ ಗಿಬ್ಸನ್. 2024ರಲ್ಲಿ ಮೇಜರ್ ಲೀಗ್‌ನವರು ಕರಿಯರ ಲೀಗ್‌ಗಳ ಅಂಕಿಗಳನ್ನೂ ಅಧಿಕೃತ ದಾಖಲೆಗೆ ಸೇರಿಸಿದಾಗ ಗಿಬ್ಸನ್ ಸರಾಸರಿ .372 ಇಡೀ ಚರಿತ್ರೆಯಲ್ಲೇ ಮೊದಲ ಸ್ಥಾನಕ್ಕೆ ಬಂತು. ಗ್ರೇಸ್ ತಂಡ ಪೈರೇಟ್ಸ್ ಊರಲ್ಲಿ ಇಲ್ಲದ ದಿನಗಳಲ್ಲಿ ಫೋರ್ಬ್ಸ್ ಫೀಲ್ಡ್‌ನಲ್ಲೇ ಆಡುತ್ತಿತ್ತು. ಮೈದಾನ ಬಾಡಿಗೆಗೆ ಸಿಗುತ್ತಿತ್ತು, ತಂಡದಲ್ಲಿ ಜಾಗ ಸಿಗುತ್ತಿರಲಿಲ್ಲ. ಗಿಬ್ಸನ್ 1947ರ ಜನವರಿಯಲ್ಲಿ 35ನೇ ವಯಸ್ಸಿಗೇ ತೀರಿಕೊಂಡರು. ಅದೇ ಏಪ್ರಿಲ್‌ನಲ್ಲಿ ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಆಡಿ ಆ ಗೋಡೆ ಒಡೆದರು. ಪೈರೇಟ್ಸ್ ಮೊದಲ ಕರಿಯ ಆಟಗಾರನನ್ನು ಇಳಿಸಿದ್ದು ಇನ್ನೂ ಏಳು ವರ್ಷ ತಡವಾಗಿ, 1954ರಲ್ಲಿ.

ಮಧ್ಯದ ವರ್ಷಗಳನ್ನು ಬೇಗ ದಾಟಿಬಿಡೋಣ. 1925ರಲ್ಲಿ ವಾಷಿಂಗ್ಟನ್ ಎದುರು 3-1ರಿಂದ ಹಿಂದಿದ್ದು ಗೆದ್ದರು. 1927ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಒಂದೂ ಪಂದ್ಯ ಗೆಲ್ಲದೆ ಸೋತರು. ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಏನೂ ಇಲ್ಲ. 1952ರಲ್ಲಿ 42 ಗೆಲುವು, 112 ಸೋಲು. ಆದರೆ ಈ ಸೋಲಿನಿಂದಲೇ ಒಂದು ಭಾಗ್ಯ ಬಂತು.

ರೊಬೆರ್ಟೊ ಕ್ಲೆಮೆಂಟೆ ಹುಟ್ಟಿದ್ದು 1934ರ ಆಗಸ್ಟ್ 18ರಂದು, ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಕರೊಲಿನಾ ಎಂಬ ಊರಿನಲ್ಲಿ. ಅಪ್ಪ ಕಬ್ಬಿನ ಗದ್ದೆಯಲ್ಲಿ ಮೇಸ್ತ್ರಿ. ಮಕ್ಕಳಲ್ಲಿ ಇವರೇ ಕಡೆಯವರು. ಶಾಲೆಯಲ್ಲಿ ಜಾವೆಲಿನ್ ಎಸೆಯುತ್ತಿದ್ದರು. ಅವರ ತೋಳಿನ ಬಲಕ್ಕೆ ಅದೂ ಒಂದು ಕಾರಣ ಅಂತ ಹೇಳುತ್ತಾರೆ. 1954ರಲ್ಲಿ ಡಾಡ್ಜರ್ಸ್ ತಂಡ 10,000 ಡಾಲರ್ ಬೋನಸ್ ಕೊಟ್ಟು ಅವರನ್ನು ಸೇರಿಸಿಕೊಂಡಿತು. ಆದರೆ ಒಂದು ನಿಯಮವಿತ್ತು. ಅಷ್ಟು ದೊಡ್ಡ ಬೋನಸ್ ಪಡೆದ ಹೊಸಬನನ್ನು ಮುಖ್ಯ ತಂಡದಲ್ಲೇ ಇಟ್ಟುಕೊಳ್ಳಬೇಕು. ಕೆಳಗಿನ ತಂಡಕ್ಕೆ ಕಳಿಸಿದರೆ ಸೀಸನ್ ಮುಗಿದ ಮೇಲೆ ಬೇರೆ ತಂಡ ಅವನನ್ನು ಎತ್ತಿಕೊಳ್ಳಬಹುದು. ಡಾಡ್ಜರ್ಸ್ ಅವರನ್ನು ಮಾಂಟ್ರಿಯಲ್‌ನ ಕೆಳಹಂತದ ತಂಡಕ್ಕೆ ಕಳಿಸಿತು. ಅಲ್ಲಿ ಜಾಸ್ತಿ ಆಡಿಸಲೂ ಇಲ್ಲ.

ಪೈರೇಟ್ಸ್‌ನ ಕ್ಲೈಡ್ ಸ್ಯೂಕ್‌ಫೋರ್ತ್ ಅಲ್ಲಿಗೆ ಹೋಗಿದ್ದು ಬೇರೆ ಯಾವನೋ ಪಿಚರ್‌ನನ್ನು ನೋಡಲಿಕ್ಕೆ. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ, ಬ್ಯಾಟರ್‌ಗೆ ಚೆಂಡು ಎಸೆಯುವವನು. ಪಂದ್ಯಕ್ಕೆ ಮೊದಲು ಫೀಲ್ಡಿಂಗ್ ಅಭ್ಯಾಸದಲ್ಲಿ ಈ ಹುಡುಗ ಚೆಂಡು ಎಸೆಯುವುದನ್ನು ಕಂಡರು. ಅಷ್ಟು ಸಾಕಾಯಿತು. ಹಿಂದಿನ ಸೀಸನ್‌ನಲ್ಲಿ ಕಡೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ. ಕಡೆಯ ಸ್ಥಾನದಲ್ಲಿದ್ದದ್ದು ಪೈರೇಟ್ಸ್. 1954ರ ನವೆಂಬರ್‌ನಲ್ಲಿ ಬರೀ 4,000 ಡಾಲರ್ ಕೊಟ್ಟು ಕ್ಲೆಮೆಂಟೆಯನ್ನು ಪಡೆದರು.

ಮೊದಲ ಐದು ವರ್ಷ ಅವರು ಅಂಥಾ ಮಹಾ ಆಟಗಾರ ಏನಲ್ಲ. ಇದನ್ನೂ ಹೇಳಲೇಬೇಕು. ಬೇಸ್‌ಬಾಲ್‌ನಲ್ಲಿ ನಾಲ್ಕು ಕೆಟ್ಟ ಚೆಂಡು ಬಿಟ್ಟುಬಿಟ್ಟರೆ ಪುಕ್ಕಟೆಯಾಗಿ ಮೊದಲ ಬೇಸ್ ಸಿಗುವ ಅವಕಾಶವಿದೆ. ಕ್ಲೆಮೆಂಟೆಗೆ ಆ ತಾಳ್ಮೆ ಇರಲಿಲ್ಲ. ಎಲ್ಲಿ ಬಂದ ಚೆಂಡಿಗೂ ಬ್ಯಾಟ್ ಬೀಸುತ್ತಿದ್ದರು. ಜೊತೆಗೆ ಬೆನ್ನುನೋವು. ಪೈರೇಟ್ಸ್ ಸೇರಿದ ಆ ಚಳಿಗಾಲದಲ್ಲೇ ಕುಡಿದು ಗಾಡಿ ಓಡಿಸುತ್ತಿದ್ದವನೊಬ್ಬ ಇವರ ಕಾರಿಗೆ ಗುದ್ದಿದ್ದ. ಬೆನ್ನಿನ ತೊಂದರೆ ಕೊನೆಯವರೆಗೂ ಬಿಡಲಿಲ್ಲ. ನೋವು ಅಂತ ಹೇಳಿದರೆ ಪತ್ರಿಕೆಯವರು ನಂಬುತ್ತಿರಲಿಲ್ಲ, ನಾಟಕ ಅನ್ನುತ್ತಿದ್ದರು. ಅವರ ಇಂಗ್ಲಿಷ್ ಉಚ್ಚಾರಣೆ ಹೇಗಿತ್ತೋ ಹಾಗೇ ಅಕ್ಷರಕ್ಕಿಳಿಸಿ ಅಚ್ಚು ಹಾಕುತ್ತಿದ್ದರು, ಓದಿದವರು ನಗಲಿ ಅಂತ. ಕಾರ್ಡುಗಳ ಮೇಲೆ ರೊಬೆರ್ಟೊ ಬದಲು "ಬಾಬ್" ಅಂತ ಬರೆಯುತ್ತಿದ್ದರು. ಅವರು ಪ್ರತಿ ಸಲ ತಿದ್ದುತ್ತಿದ್ದರು. ವಸಂತಕಾಲದ ಅಭ್ಯಾಸಕ್ಕೆ ಫ್ಲಾರಿಡಾಗೆ ಹೋದಾಗ ಬಿಳಿಯ ಜೊತೆಗಾರರು ಹೋಟೆಲಿಗೆ ಊಟಕ್ಕೆ ಇಳಿದರೆ ಕರಿಯ ಆಟಗಾರರು ಬಸ್ಸಿನಲ್ಲೇ ಕೂತು ಕಾಯಬೇಕಿತ್ತು. ಕರಿಯ ಮತ್ತು ಪರಭಾಷಿಕ, ಎರಡೂ ಆಗಿದ್ದವನಿಗೆ ಆ ಕಾಲ ಎರಡು ಪಟ್ಟು ಕಷ್ಟ.

1960ಕ್ಕೆ ಎಲ್ಲವೂ ಬದಲಾಯಿತು. ತಂಡ ವರ್ಲ್ಡ್ ಸೀರೀಸ್‌ಗೆ ಬಂತು. ಎದುರಿಗೆ ಯಾಂಕೀಸ್. ಆ ಸರಣಿಯ ಲೆಕ್ಕ ವಿಚಿತ್ರ. ಏಳು ಪಂದ್ಯ ಸೇರಿ ಯಾಂಕೀಸ್ ಗಳಿಸಿದ ರನ್ 55, ಪೈರೇಟ್ಸ್ 27. ಆದರೂ ಏಳನೇ ಪಂದ್ಯದ ಹೊತ್ತಿಗೆ 3-3. ಯಾಂಕೀಸ್ ಗೆದ್ದಾಗ ಭಾರೀ ಅಂತರದಲ್ಲಿ ಗೆದ್ದಿತ್ತು, ಪೈರೇಟ್ಸ್ ಗೆದ್ದಾಗ ಕೂದಲೆಳೆಯಲ್ಲಿ.

ಅಕ್ಟೋಬರ್ 13, ಫೋರ್ಬ್ಸ್ ಫೀಲ್ಡ್. ಎಂಟನೇ ಇನ್ನಿಂಗ್ಸ್‌ನಲ್ಲಿ ಪೈರೇಟ್ಸ್ ಬ್ಯಾಟಿಂಗ್‌ಗೆ ಬಂದಾಗ 7-4ರಿಂದ ಹಿಂದಿತ್ತು. ನೆಲದ ಮೇಲೆ ಉರುಳಿದ ಒಂದು ಚೆಂಡು ಕಲ್ಲಿಗೋ ಉಬ್ಬಿಗೋ ತಾಗಿ ಹಾರಿ ಯಾಂಕೀಸ್‌ನ ಟೋನಿ ಕ್ಯೂಬೆಕ್ ಅವರ ಗಂಟಲಿಗೆ ಬಡಿಯಿತು. ಔಟ್ ಆಗಬೇಕಿದ್ದವರು ಉಳಿದರು. ಆಮೇಲೆ 7-5. ಇಬ್ಬರು ಔಟ್, ಇನ್ನೊಬ್ಬರು ಹೋದರೆ ಆ ಸರದಿ ಮುಗಿಯಿತು. ಆಗ ಬಂದವರು ಕ್ಲೆಮೆಂಟೆ. ಅವರು ಹೊಡೆದದ್ದು ದೊಡ್ಡ ಹೊಡೆತ ಏನಲ್ಲ, ಮೊದಲ ಬೇಸ್ ಕಡೆಗೆ ನಿಧಾನಕ್ಕೆ ಉರುಳಿದ ಚೆಂಡು. ಹತ್ತರಲ್ಲಿ ಒಂಬತ್ತು ಸಲ ಅದು ಔಟ್. ಚೆಂಡು ಹಿಡಿಯಲು ಮೊದಲ ಬೇಸ್‌ನವರು ಮುಂದೆ ಬಂದರು. ಆಗ ಖಾಲಿಯಾದ ಬೇಸ್‌ಗೆ ಪಿಚರ್ ಓಡಿ ಬರಬೇಕು. ಪಿಚರ್ ಬರಲಿಲ್ಲ. ಕ್ಲೆಮೆಂಟೆ ಮಾತ್ರ ಜೀವ ಬಿಟ್ಟು ಓಡಿದರು, ಬದುಕಿದರು, ಒಂದು ರನ್ ಬಂತು. ಮುಂದಿನ ಬ್ಯಾಟರ್ ಹ್ಯಾಲ್ ಸ್ಮಿತ್ ಚೆಂಡನ್ನು ಗೋಡೆಯಾಚೆ ಕಳಿಸಿ ಮೂರು ರನ್ನಿನ ಹೋಮ್ ರನ್ ಹೊಡೆದರು. 9-7. ಯಾಂಕೀಸ್ ಮತ್ತೆ 9-9 ಮಾಡಿತು. ಕಡೆಯ ಸರದಿಯಲ್ಲಿ ಬಿಲ್ ಮ್ಯಾಜರಾಸ್ಕಿ ಎರಡನೇ ಚೆಂಡನ್ನೇ ಎಡಗಡೆಯ ಗೋಡೆಯಾಚೆ ಕಳಿಸಿದರು. 10-9. ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ ಹೀಗೆ ಕೊನೆಯ ಹೋಮ್ ರನ್ನಿನಿಂದ ಮುಗಿದದ್ದು ಅದೊಂದೇ ಸಲ.

ಎಲ್ಲರಿಗೂ ನೆನಪಿರುವುದು ಮ್ಯಾಜರಾಸ್ಕಿ. ನ್ಯಾಯವೇ. ಆದರೆ ಆ ನಿಧಾನದ ಚೆಂಡಿಗೆ ಕ್ಲೆಮೆಂಟೆ ಸುಮ್ಮನೆ ಓಡಿದ್ದರೆ, ಅಂದರೆ ಹೇಗಿದ್ದರೂ ಔಟ್ ಅಂದುಕೊಂಡು ಓಡಿದ್ದರೆ, ಹ್ಯಾಲ್ ಸ್ಮಿತ್ ಆ ಸರದಿಯಲ್ಲಿ ಬ್ಯಾಟ್ ಹಿಡಿಯುತ್ತಲೇ ಇರಲಿಲ್ಲ. ಕ್ಲೆಮೆಂಟೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಓಟವನ್ನೇ. ಆ ಸರಣಿಯ ಏಳೂ ಪಂದ್ಯಗಳಲ್ಲಿ ಅವರು ಹಿಟ್ ಹೊಡೆದಿದ್ದರು. ಆದರೆ ಆ ವರ್ಷದ ಲೀಗ್‌ನ ಶ್ರೇಷ್ಠ ಆಟಗಾರನ ಮತದಾನದಲ್ಲಿ ಪತ್ರಕರ್ತರು ಅವರನ್ನು ಎಂಟನೇ ಸ್ಥಾನಕ್ಕೆ ತಳ್ಳಿದರು. ಆ ನೋವು ಅವರನ್ನು ಬಿಡಲೇ ಇಲ್ಲ.

ಉತ್ತರ ಬ್ಯಾಟಿನಿಂದಲೇ ಬಂತು. 1961ರಲ್ಲಿ ಸರಾಸರಿ .351, ಬ್ಯಾಟಿಂಗ್ ಪಟ್ಟ. 1964, 1965, 1967ರಲ್ಲಿ ಮತ್ತೆ ಪಟ್ಟ. 1966ರಲ್ಲಿ ಕೊನೆಗೂ ಶ್ರೇಷ್ಠ ಆಟಗಾರ ಪ್ರಶಸ್ತಿ. ಇದು ಬ್ಯಾಟಿಂಗ್ ಮಾತಾಯಿತು. ಆದರೆ ಅವರನ್ನು ನೋಡಿದವರು ಮೊದಲು ಮಾತಾಡುವುದು ಅವರ ತೋಳಿನ ಬಗ್ಗೆ. ಅವರು ನಿಲ್ಲುತ್ತಿದ್ದದ್ದು ರೈಟ್ ಫೀಲ್ಡ್‌ನಲ್ಲಿ, ಅಂದರೆ ಬ್ಯಾಟರ್ ಕಡೆಯಿಂದ ನೋಡಿದರೆ ಬಲಗಡೆಯ ದೂರದ ಮೂಲೆ. ಬೌಂಡರಿ ಗೆರೆಯಿಂದ ಎಸೆದ ಚೆಂಡು ನೇರ ಕೀಪರ್ ಕೈಗೆ ಬಂದು ರನ್‌ಔಟ್ ಆಗುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ಕ್ಲೆಮೆಂಟೆ ಅದನ್ನು ಹದಿನೆಂಟು ಸೀಸನ್ ಮಾಡಿದರು. 1961ರಿಂದ 1972ರವರೆಗೆ, ಹನ್ನೆರಡು ವರ್ಷ ಒಂದೂ ತಪ್ಪದೆ, ಫೀಲ್ಡಿಂಗ್‌ನ ಗೋಲ್ಡ್ ಗ್ಲೋವ್ ಪ್ರಶಸ್ತಿ ಅವರಿಗೇ. ಓಡುವವರು ಅವರ ಕೈಗೆ ಚೆಂಡು ಹೋಯಿತು ಅಂದರೆ ಮುಂದಿನ ಬೇಸ್ ಆಸೆ ಬಿಡುತ್ತಿದ್ದರು. ಹೀಗೆ ಹೆದರಿ ನಿಂತವರ ಲೆಕ್ಕ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

1971 ಬಂತು. ಆ ವರ್ಷದ ಸೆಪ್ಟೆಂಬರ್ 1ರಂದು ಫಿಲಡೆಲ್ಫಿಯಾ ಎದುರು ಮ್ಯಾನೇಜರ್ ಡ್ಯಾನಿ ಮರ್ಟಾ ಕಣಕ್ಕಿಳಿಸಿದ ಒಂಬತ್ತೂ ಜನ ಕರಿಯರು ಅಥವಾ ಲ್ಯಾಟಿನ್ ಅಮೆರಿಕದವರು. ಸ್ಟೆನೆಟ್, ಕ್ಲೈನ್ಸ್, ಕ್ಲೆಮೆಂಟೆ, ಸ್ಟಾರ್ಜೆಲ್, ಸಾಂಗಿಯೆನ್, ಕ್ಯಾಶ್, ಆಲಿವರ್, ಹೆರ್ನಾಂಡೆಸ್, ಪಿಚರ್ ಡಾಕ್ ಎಲಿಸ್. ಮೇಜರ್ ಲೀಗ್ ಚರಿತ್ರೆಯಲ್ಲೇ ಮೊದಲ ಸಲ. ಪೈರೇಟ್ಸ್ 10-7ರಲ್ಲಿ ಗೆದ್ದಿತು. ಮ್ಯಾನೇಜರ್ ಘೋಷಣೆ ಏನೂ ಮಾಡಿರಲಿಲ್ಲ, ಅವತ್ತಿಗೆ ಒಳ್ಳೆಯ ಒಂಬತ್ತು ಮಂದಿಯನ್ನು ಇಳಿಸಿದೆ ಅಂದರು. ಪಂದ್ಯ ಶುರುವಾದ ಮೇಲೆ ಆಟಗಾರರೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅದನ್ನು ಗಮನಿಸಿದರು. ಗಿಬ್ಸನ್‌ಗೆ ಬಾಗಿಲು ಹಾಕಿದ್ದ ಊರಿನಲ್ಲಿ ಇದು ನಡೆಯಿತು ಅನ್ನೋದು ನನಗೆ ದೊಡ್ಡ ವಿಷಯ.

ಅಕ್ಟೋಬರ್‌ನಲ್ಲಿ ವರ್ಲ್ಡ್ ಸೀರೀಸ್. ಎದುರಿಗೆ ಬಾಲ್ಟಿಮೋರ್ ಓರಿಯೋಲ್ಸ್, ಹಿಂದಿನ ವರ್ಷದ ಚಾಂಪಿಯನ್. ಮೊದಲ ಎರಡು ಪಂದ್ಯ ಪೈರೇಟ್ಸ್ ಸೋತಿತು. ಕ್ಲೆಮೆಂಟೆಗೆ 37 ವರ್ಷ. ಅಲ್ಲಿಂದ ಮುಂದೆ ಆ ಸರಣಿ ಅವರದ್ದಾಯಿತು. ಆರನೇ ಪಂದ್ಯದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ 2-2 ಇದ್ದಾಗ ಓರಿಯೋಲ್ಸ್‌ನ ಬ್ಯಾಟರ್ ಬಲಮೂಲೆಗೆ ಚೆಂಡು ಹೊಡೆದರು. ಮೊದಲ ಬೇಸ್‌ನಲ್ಲಿದ್ದ ಓಟಗಾರ ಹೋಮ್ ಪ್ಲೇಟ್, ಅಂದರೆ ಬ್ಯಾಟರ್ ನಿಲ್ಲುವ ಜಾಗ, ಮುಟ್ಟಿದರೆ ಪಂದ್ಯವೇ ಮುಗಿಯಿತು. ಕ್ಲೆಮೆಂಟೆ ಆ ಮೂಲೆಯಿಂದ ಕ್ಯಾಚರ್, ಅಂದರೆ ಕೀಪರ್, ಕಡೆಗೆ ಎಸೆದ ಚೆಂಡು ಕಂಡು ಓರಿಯೋಲ್ಸ್‌ನವರು ಓಟಗಾರನನ್ನು ಮೂರನೇ ಬೇಸ್‌ನಲ್ಲೇ ನಿಲ್ಲಿಸಿಕೊಂಡರು. ಪಂದ್ಯ ಮುಂದಿನ ಇನ್ನಿಂಗ್ಸ್‌ನಲ್ಲಿ ಕೈತಪ್ಪಿತು, ಅದು ಬೇರೆ ಮಾತು. ಏಳನೇ ಪಂದ್ಯದಲ್ಲಿ ಅವರು ಹೋಮ್ ರನ್ ಹೊಡೆದರು, ತಂಡ 2-1ರಲ್ಲಿ ಗೆದ್ದಿತು. ಸರಣಿಯ ಸರಾಸರಿ .414. ಏಳಕ್ಕೆ ಏಳೂ ಪಂದ್ಯಗಳಲ್ಲಿ ಹಿಟ್, 1960ರ ಹಾಗೇ. ಸರಣಿಯ ಶ್ರೇಷ್ಠ ಆಟಗಾರ ಯಾರು ಅಂತ ಈ ಸಲ ಯಾರೂ ತಲೆ ಕೆರೆದುಕೊಳ್ಳಲಿಲ್ಲ.

ಗೆದ್ದ ಮೇಲೆ ಟಿವಿಯವರು ಮೈಕ್ ಹಿಡಿದರು. ಇಡೀ ಅಮೆರಿಕ ನೋಡುತ್ತಿದೆ. ಕ್ಲೆಮೆಂಟೆ ಇಂಗ್ಲಿಷಿಗೆ ಮೊದಲು ಸ್ಪ್ಯಾನಿಷ್‌ನಲ್ಲಿ ಊರಿನಲ್ಲಿದ್ದ ಅಪ್ಪ ಅಮ್ಮನ ಜೊತೆ ಮಾತಾಡಿದರು. ಇದು ನನ್ನ ಬದುಕಿನ ಅತಿ ದೊಡ್ಡ ದಿನ, ನನ್ನ ಮಕ್ಕಳಿಗೆ ನನ್ನ ಆಶೀರ್ವಾದ, ಅಪ್ಪ ಅಮ್ಮ ನನಗೆ ಆಶೀರ್ವಾದ ಮಾಡಲಿ, ಅಂತ. ಉಚ್ಚಾರಣೆ ಹಿಡಿದು ಆಡಿಕೊಂಡಿದ್ದ ದೇಶದ ಮುಂದೆ ನಿಂತು ತನ್ನ ಮಾತಿನಲ್ಲೇ ಹಿರಿಯರನ್ನು ನೆನೆದದ್ದು ಲ್ಯಾಟಿನ್ ಅಮೆರಿಕದವರ ಮನಸ್ಸಿನಲ್ಲಿ ಇವತ್ತಿಗೂ ಇದೆ.

1972ರ ಸೆಪ್ಟೆಂಬರ್ ಕೊನೆಗೆ ಅವರ ಹಿಟ್ 2,999 ಆಗಿತ್ತು. 29ರ ರಾತ್ರಿ ಹೊಡೆದ ಒಂದು ಚೆಂಡನ್ನು ಹಿಟ್ ಅಂತ ಫಲಕದಲ್ಲಿ ತೋರಿಸಿ, ಜನ ಎದ್ದು ಕುಣಿದ ಮೇಲೆ, ಫೀಲ್ಡರ್ ತಪ್ಪು ಅಂತ ಬದಲಾಯಿಸಿದರು. ಮಾರನೇ ದಿನ, 30ರಂದು, ನ್ಯೂಯಾರ್ಕ್ ಮೆಟ್ಸ್‌ನ ಜಾನ್ ಮ್ಯಾಟ್ಲಾಕ್ ಎಸೆದ ಚೆಂಡನ್ನು ಹೊಡೆದು ಎರಡನೇ ಬೇಸ್ ಮುಟ್ಟಿದರು. ಯಾರೂ ತಕರಾರು ತೆಗೆಯಲಾಗದ ಹೊಡೆತ. 3,000. ಅಲ್ಲಿಯವರೆಗೆ ಹತ್ತೇ ಜನ ಆ ಸಂಖ್ಯೆ ಮುಟ್ಟಿದ್ದರು. ಲೀಗ್ ಪಂದ್ಯಗಳಲ್ಲಿ ಅದೇ ಅವರ ಕೊನೆಯ ಹಿಟ್. ಹದಿನೆಂಟು ಸೀಸನ್‌ಗಳ ಸರಾಸರಿ .317, ಹೋಮ್ ರನ್ 240.

ಇನ್ನು ನೀವು ಕೇಳಿದ ಆ ಸಾವು. 1972ರ ಡಿಸೆಂಬರ್ 23ರಂದು ಮಧ್ಯ ಅಮೆರಿಕದ ನಿಕರಾಗುವಾ ದೇಶದ ರಾಜಧಾನಿ ಮನಾಗುವಾ ಭೂಕಂಪದಲ್ಲಿ ನೆಲಸಮವಾಯಿತು. ಕ್ಲೆಮೆಂಟೆ ಕೆಲವೇ ವಾರಗಳ ಹಿಂದೆ ಪೋರ್ಟೊ ರಿಕೊ ತಂಡದ ಮ್ಯಾನೇಜರ್ ಆಗಿ ಅಲ್ಲಿ ಇದ್ದು ಬಂದಿದ್ದರು. ಊರು, ಜನ ಕಣ್ಣ ಮುಂದೆ ಇದ್ದರು. ಕ್ರಿಸ್‌ಮಸ್ ಬಿಟ್ಟು ಊಟ, ಬಟ್ಟೆ, ಔಷಧಿ ಕೂಡಿಸಲು ನಿಂತರು. ಕಳಿಸಿದ ಸಾಮಾನು ಅಲ್ಲಿನ ಸರ್ವಾಧಿಕಾರಿ ಸೊಮೋಸಾ ಆಡಳಿತದ ಸೈನಿಕರ ಪಾಲಾಗುತ್ತಿದೆ, ಜನಕ್ಕೆ ತಲುಪುತ್ತಿಲ್ಲ ಅನ್ನುವ ಸುದ್ದಿ ಬಂತು. ನಾನೇ ಹೋದರೆ ಕೈಹಾಕುವುದಿಲ್ಲ ಅಂದುಕೊಂಡು ಡಿಸೆಂಬರ್ 31ರ ರಾತ್ರಿ ಸಾಮಾನು ತುಂಬಿದ ಡಿಸಿ-7 ವಿಮಾನ ಹತ್ತಿದರು. ಹಳೇ ವಿಮಾನ, ಹೊರಬಹುದಾದ ಭಾರಕ್ಕಿಂತ 4,000 ಪೌಂಡಿಗೂ ಜಾಸ್ತಿ ಹೇರಿದ್ದರು. ಸಾನ್ ಹುವಾನ್‌ನಿಂದ ಮೇಲೆದ್ದ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. ಐವರೂ ಸತ್ತರು. ಕ್ಲೆಮೆಂಟೆಗೆ 38 ವರ್ಷ, ಹೆಂಡತಿ ವೆರಾ, ಮೂರು ಗಂಡುಮಕ್ಕಳು.

ದೇಹ ಸಿಗಲೇ ಇಲ್ಲ. ತಂಡದ ಕ್ಯಾಚರ್ ಮ್ಯಾನಿ ಸಾಂಗಿಯೆನ್ ಅವರ ಪ್ರಾಣಸ್ನೇಹಿತ. ಶ್ರದ್ಧಾಂಜಲಿ ಸಭೆಗೆ ಇಡೀ ತಂಡ ಪೋರ್ಟೊ ರಿಕೊಗೆ ಬಂದಾಗ ಅವರು ಮಾತ್ರ ಸಭೆಗೆ ಹೋಗಲಿಲ್ಲ. ಸಮುದ್ರದಲ್ಲಿ ಮುಳುಗಿ ಹುಡುಕುತ್ತಿದ್ದರು.

ಹಾಲ್ ಆಫ್ ಫೇಮ್‌ಗೆ ಹೋಗಲು ಆಟ ಬಿಟ್ಟು ಐದು ವರ್ಷ ಕಾಯಬೇಕು ಅನ್ನೋದು ನಿಯಮ. ಅದನ್ನು ಬದಿಗಿಟ್ಟು 1973ರ ಮಾರ್ಚ್‌ನಲ್ಲೇ ವಿಶೇಷ ಮತದಾನ ಮಾಡಿದರು. 424 ಮತಗಳಲ್ಲಿ 393 ಅವರಿಗೆ. ಲ್ಯಾಟಿನ್ ಅಮೆರಿಕದಿಂದ ಅಲ್ಲಿಗೆ ಸೇರಿದ ಮೊದಲಿಗರು ಅವರೇ. ನಿಮ್ಮ ಅನುಮಾನ ಬಹುಶಃ ಇಲ್ಲಿಂದಲೇ ಬರುತ್ತದೆ: ಕಾಯಿಸದೆ ಕೊಟ್ಟರಲ್ಲ, ಕರುಣೆಯಿಂದ ಕೊಟ್ಟರಾ ಅಂತ. ಸಾವಿನಿಂದ ಬದಲಾದದ್ದು ದಿನಾಂಕ ಮಾತ್ರ. 3,000 ಹಿಟ್, ನಾಲ್ಕು ಬ್ಯಾಟಿಂಗ್ ಪಟ್ಟ, ಹನ್ನೆರಡು ಗೋಲ್ಡ್ ಗ್ಲೋವ್, ಎರಡು ವರ್ಲ್ಡ್ ಸೀರೀಸ್. ಇಷ್ಟಿದ್ದವರನ್ನು ಐದು ವರ್ಷ ಕಾಯಿಸಿದ್ದರೂ ಒಳಗೆ ಬಿಡದೆ ಇರುತ್ತಿರಲಿಲ್ಲ.

ಆಮೇಲಿನ ತಂಡದ ಕತೆ ಚಿಕ್ಕದು. 1979ರಲ್ಲಿ ವಿಲ್ಲಿ ಸ್ಟಾರ್ಜೆಲ್ ಮುಂದಾಳತ್ವದಲ್ಲಿ ಅದೇ ಓರಿಯೋಲ್ಸ್ ಎದುರು 3-1ರಿಂದ ಹಿಂದಿದ್ದು ಗೆದ್ದರು. 1990ರಿಂದ 1992ರವರೆಗೆ ಬ್ಯಾರಿ ಬಾಂಡ್ಸ್ ಇದ್ದ ಒಳ್ಳೆಯ ತಂಡ ಮೂರು ಸಲ ವರ್ಲ್ಡ್ ಸೀರೀಸ್ ಬಾಗಿಲಿಗೆ ಬಂದು ಸೋತಿತು. 1992ರಲ್ಲಂತೂ ಅಟ್ಲಾಂಟಾ ಎದುರು ಏಳನೇ ಪಂದ್ಯದ ಕಡೆಯ ಹೊಡೆತದಲ್ಲಿ. ಬಾಂಡ್ಸ್ ಜಾಸ್ತಿ ಸಂಬಳಕ್ಕೆ ಸಾನ್ ಫ್ರಾನ್ಸಿಸ್ಕೋಗೆ ಹೋದರು, ಮೇಲೆ ಹೇಳಿದ 20 ವರ್ಷದ ಸೋಲು ಶುರುವಾಯಿತು. 2013ರಲ್ಲಿ ಅದು ಮುರಿದಾಗ ಊರೇ ಬೀದಿಗೆ ಬಂತು. ಆದರೆ ಆ ಖುಷಿ ಮೂರು ವರ್ಷಕ್ಕಿಂತ ಜಾಸ್ತಿ ಬಾಳಲಿಲ್ಲ. ದುಡ್ಡು ಬಿಚ್ಚದ ಮಾಲೀಕರ ಮೇಲೆ ಅಲ್ಲಿನ ಅಭಿಮಾನಿಗಳಿಗಿರುವ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತದೆ.

ಸೋಲಿನ ಆ ವರ್ಷಗಳಲ್ಲೇ ನಮ್ಮ ದೇಶದ ಒಂದು ಎಳೆಯೂ ಈ ತಂಡಕ್ಕೆ ಸೇರಿತು. 2008ರಲ್ಲಿ ಭಾರತದಲ್ಲಿ ವೇಗವಾಗಿ, ಗುರಿಯಿಟ್ಟು ಚೆಂಡು ಎಸೆಯುವವರನ್ನು ಹುಡುಕುವ ಟಿವಿ ಸ್ಪರ್ಧೆ ನಡೆಯಿತು. ಅದರಲ್ಲಿ ಮುಂದೆ ಬಂದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರ ಜೊತೆ ಅದೇ ನವೆಂಬರ್‌ನಲ್ಲಿ ಪೈರೇಟ್ಸ್ ಒಪ್ಪಂದ ಮಾಡಿಕೊಂಡಿತು. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ಗೆ ಸೇರಿದ ಮೊದಲ ಭಾರತೀಯರು ಇವರು. ಇಬ್ಬರೂ ಜಾವೆಲಿನ್‌ನಿಂದ ಬಂದವರು, ಹುಡುಗ ಕ್ಲೆಮೆಂಟೆಯ ಹಾಗೆ. ಕೆಳಹಂತದ ಲೀಗ್‌ಗಳಲ್ಲಿ ಪಿಚ್ ಮಾಡಿದರು, ಮುಖ್ಯ ತಂಡದವರೆಗೆ ಬರಲಾಗಲಿಲ್ಲ. ನಿಮ್ಮ ಅಳಿಯನಿಗೆ ಇದು ಗೊತ್ತಿದೆಯಾ ಕೇಳಿನೋಡಿ.

ಮುಂದಿನ ಸಲ ಹೋದಾಗ ಕೆಲವು ನೋಡಿ. ಪಂದ್ಯದ ದಿನ ಕ್ಲೆಮೆಂಟೆ ಸೇತುವೆಯ ಮೇಲೆ ವಾಹನ ಬಿಡುವುದಿಲ್ಲ, ನಿಧಾನಕ್ಕೆ ನಡೆದು ಹೋಗಬಹುದು. ಮೈದಾನದೊಳಗೆ ರೈಟ್ ಫೀಲ್ಡ್ ಕಡೆಯ ಗೋಡೆ ನೋಡಿ, ಅದರ ಎತ್ತರ 21 ಅಡಿ. ಬೇಕೆಂದೇ ಹಾಗೆ ಕಟ್ಟಿದ್ದು. ಸೆಪ್ಟೆಂಬರ್ 15ರ ಹೊತ್ತಿಗೆ ಅಲ್ಲಿದ್ದರೆ ಅದು ಕ್ಲೆಮೆಂಟೆ ದಿನ, ಎಲ್ಲ ತಂಡಗಳಲ್ಲೂ 21 ತೊಟ್ಟ ಆಟಗಾರರು ಕಾಣುತ್ತಾರೆ. ಲಾರೆನ್ಸ್‌ವಿಲ್‌ನಲ್ಲಿ ಹಳೇ ಅಗ್ನಿಶಾಮಕ ಠಾಣೆಯ ಕಟ್ಟಡದಲ್ಲಿ ಅವರದೇ ಮ್ಯೂಸಿಯಂ ಇದೆ, ಮೊದಲೇ ಹೇಳಿ ಸಮಯ ಗೊತ್ತು ಮಾಡಿಕೊಳ್ಳಬೇಕು. ಓಕ್ಲೆಂಡ್ ಬಡಾವಣೆಯಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಹತ್ತಿರ ಫೋರ್ಬ್ಸ್ ಫೀಲ್ಡ್‌ನ ಇಟ್ಟಿಗೆ ಗೋಡೆಯ ಒಂದು ತುಂಡು ಉಳಿದಿದೆ. ಅಲ್ಲೇ ಒಂದು ಕಟ್ಟಡದ ನೆಲದಲ್ಲಿ ಗಾಜಿನ ಕೆಳಗೆ ಆ ಮೈದಾನದ ಹೋಮ್ ಪ್ಲೇಟ್ ಇಟ್ಟಿದ್ದಾರೆ. ಪ್ರತಿ ಅಕ್ಟೋಬರ್ 13ರಂದು ಅಭಿಮಾನಿಗಳು ಆ ಗೋಡೆಯ ಹತ್ತಿರ ಸೇರಿ 1960ರ ಏಳನೇ ಪಂದ್ಯದ ರೇಡಿಯೋ ಕಾಮೆಂಟರಿಯನ್ನು ಮೊದಲಿನಿಂದ ಕೊನೆಯವರೆಗೆ ಹಾಕಿ ಕೇಳುತ್ತಾರೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಬಹುದು. ಎಂಟನೇ ಇನ್ನಿಂಗ್ಸ್ ಬಂದಾಗ ಸ್ವಲ್ಪ ಕಿವಿಗೊಡಿ.